ಗೆಳೆಯರು ಮುಖ ತಿರುಗಿಸಿದಾಗ

(ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದ ಆವರಣದಲ್ಲಿ ಜರುಗಿದ ಕಾರ್ಮಿಕರ ದಿನದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದಿನದ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯ ‘ಶ್ರಮದ ಘನತೆ’ ಎಂದು ಅಚ್ಚಾಗಿದೆ. ಶತಮಾನೋತ್ಸವ ಸಮಿತಿಯವರು ಸದ್ಭಾವನೆಯಿಂದಲೇ ಈ ವಿಷಯವನ್ನು ಆರಿಸಿದ್ದಾರೆ. ಮೇ ತಿಂಗಳ ಮೊದಲನೆಯ ದಿನವಿದು. ಹನ್ನೆರಡನೆಯ ಪಯಸ್ ಜಗದ್ಗುರುಗಳು 1955ರಲ್ಲಿ ಈ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಗೊತ್ತುಪಡಿಸಿದುದನ್ನು ತಾವೆಲ್ಲರೂ ಬಲ್ಲಿರಿ. ಆ ವಿಷಯವಾಗಿ ನಾನು ಎರಡು ಸಲ ಟಿಪ್ಪಣಿ ಬರೆದೆ. ಎರಡು ಸಲವೂ ಹರಿದುಹಾಕಿದೆ. ಕಾರಣ ಇಷ್ಟೇ. ಅಂಗೈ ಜಡ್ಡುಗಟ್ಟದವನಿಗೆ ಶ್ರಮದ ಘನತೆಯನ್ನು ಕುರಿತು ಮಾತಾಡುವುದು ಬಹು ಸುಲಭ. ನನ್ನೆದುರಿಗೆ ಮೊದಲನೆಯ ಸಾಲಿನಲ್ಲಿ ಕುಳಿತಿರುವ ತಾಯಂದಿರಲ್ಲಿ ನಾಲ್ಕಾರು ಮಂದಿಯ ಬೆರಳತುದಿ ಗೇರುಬೀಜದ ಎಣ್ಣೆಯಿಂದ ಕಪ್ಪಾಗಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅವರಿಗೆ ನಾನು ಶ್ರಮದ ಘನತೆಯನ್ನು ಬೋಧಿಸಹೊರಟರೆ ಅವರು ಒಳಗೊಳಗೇ ನಕ್ಕಾರು.

ಆದುದರಿಂದ ಸಮಿತಿಯವರ ಕ್ಷಮೆ ಬೇಡಿ, ಇನ್ನೂ ಸಣ್ಣದೊಂದು ವಿಷಯವನ್ನು ಎತ್ತಿಕೊಳ್ಳುತ್ತೇನೆ. ಬಡವರ ಮನೆಯ ಮಕ್ಕಳು ಕೆಲವರು ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ದಿನ ಪರಮ ಪ್ರಸಾದವನ್ನು ಮೊದಲ ಸಲ ಸ್ವೀಕರಿಸಿ, ಆಮೇಲೆ ಒಬ್ಬ ಒಂದು ದಾರಿ, ಮತ್ತೊಬ್ಬ ಇನ್ನೊಂದು ದಾರಿ ಹಿಡಿದಾಗ ಅವರ ನಡುವೆ ಏನಾಗುತ್ತದೆ ಎಂಬುದೇ ಆ ವಿಷಯ. ಮೊದಲು ಪರದೇಶದ ಒಂದು ನಿದರ್ಶನ ಹೇಳುತ್ತೇನೆ, ಆಮೇಲೆ ಹತ್ತಿರದ್ದು.

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ಗೆ ಸಮೀಪದಲ್ಲಿ ಹಾಲೆ ಎಂಬ ಚಿಕ್ಕ ಪಟ್ಟಣವಿದೆ. ಕಪ್ಪು ವರ್ಣದ ಮಾತೆ ಮರಿಯಮ್ಮನವರ ಪುರಾತನ ಪ್ರತಿಮೆಯಿಂದಾಗಿ ಅದು ಆ ನಾಡಿನಲ್ಲಿ ಹೆಸರಾದ ಯಾತ್ರಾಸ್ಥಳ. ಆ ಊರಿನಲ್ಲಿ ಬೆಳೆದವರು ಜೋಸೆಫ್ ಕಾರ್ಡೈನ್. ಹುಟ್ಟಿದ್ದು 1882ರ ನವೆಂಬರ್ 13ರಂದು. ತಂದೆ ಶ್ರೀಮಂತರ ಮನೆಯ ಕುದುರೆಗಾಡಿ ಓಡಿಸಿ, ಅನಂತರ ಕಲ್ಲಿದ್ದಲಿನ ಸಣ್ಣ ವ್ಯಾಪಾರ ಮಾಡಿ ಸಂಸಾರ ನಡೆಸಿದವರು. ತಾಯಿ ಮದುವೆಗೆ ಮುಂಚೆ ಪರರ ಮನೆಯಲ್ಲಿ ಕೆಲಸಕ್ಕಿದ್ದವರು. (ಕಾರ್ಡೈನ್ ಎಂಬುದು ಮನೆತನದ ಹೆಸರು, ಕಾರ್ಡಿನಲ್ ಎಂಬ ಪದವಿ ಅವರಿಗೆ ಬಂದುದು 82ನೆಯ ವಯಸ್ಸಿನಲ್ಲಿ. ಎರಡನ್ನೂ ಕೂಡಿಸಿ ಹೇಳುವಾಗ ನಾಲಗೆ ತೊಡರುತ್ತದೆ, ಸಹಿಸಿಕೊಳ್ಳಬೇಕು.)

ಆ ಕಾಲ ಎಂಥದೆಂಬುದನ್ನು ಸ್ವಲ್ಪ ತಿಳಿಯಬೇಕು. 1886ರಲ್ಲಿ ಲಿಯೇಜ್, ಶಾರ್ಲರ್ವಾ ಪ್ರಾಂತಗಳ ಗಣಿ ಹಾಗೂ ಗಾಜಿನ ಕಾರ್ಖಾನೆಗಳ ಕೂಲಿಕಾರರು ದಂಗೆಯೆದ್ದಾಗ ಸರಕಾರ ಸೈನ್ಯವನ್ನು ಕಳಿಸಿತು; ಗುಂಡಿಗೆ ಜನ ಸತ್ತರು. ಹನ್ನೆರಡು ವರ್ಷ ತುಂಬದ ಮಕ್ಕಳನ್ನು ಕಾರ್ಖಾನೆಗೆ ಸೇರಿಸಕೂಡದೆಂಬ ಕಾನೂನು ಬಂದುದೇ 1889ರಲ್ಲಿ. ಹನ್ನೆರಡು ತುಂಬಿದರೆ ಸೇರಿಸಬಹುದು ಎಂದು ಅದರ ಅರ್ಥ! 1884ರಿಂದ 1914ರವರೆಗೆ ಆ ದೇಶವನ್ನು ಆಳಿದ್ದು ಕಥೋಲಿಕ ಪಕ್ಷ. ಭಾನುವಾರ ದೇವಾಲಯದ ಮುಂದಿನ ಪೀಠಗಳಲ್ಲಿ ಕುಳಿತುಕೊಳ್ಳುತ್ತಿದ್ದವರು ಕಾರ್ಖಾನೆಗಳ ಧಣಿಗಳು. ಆಲ್‌ಸ್ಟ್ ಪಟ್ಟಣದ ಗುರು ಡೇನ್ಸ್ ಎಂಬವರು ಕೂಲಿಕಾರರ ಪರವಾಗಿ ನಿಂತು 1894ರಲ್ಲಿ ಸಂಸತ್ತಿಗೆ ಚುನಾಯಿತರಾದರು. ಅದರ ಫಲವಾಗಿ ಮೇಲಿನವರ ಅಸಮಾಧಾನಕ್ಕೆ ಗುರಿಯಾಗಿ, ಕೊನೆಗೆ ಬಲಿಪೂಜೆ ಅರ್ಪಿಸುವ ಅಧಿಕಾರವನ್ನೂ ಕಳೆದುಕೊಂಡರು. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ಮೇ 15ರಂದು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರವನ್ನು ಹೊರಡಿಸಿ, ದುಡಿಯುವವನಿಗೆ ಸಂಸಾರ ಸಾಗುವಷ್ಟು ನ್ಯಾಯವಾದ ಕೂಲಿ ಸಲ್ಲಬೇಕು, ಸಂಘ ಕಟ್ಟಿಕೊಳ್ಳುವ ಹಕ್ಕು ಅವನಿಗುಂಟು ಎಂದು ಸಾರಿದ್ದು ನಿಜ. ಆದರೆ ರೋಮಿನಲ್ಲಿ ಬರೆದ ಪತ್ರ ಊರೂರಿನ ಪೀಠದಿಂದ ಓದಿಸಿಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಗುರುಗಳಾದ ನಾವು ಬಲ್ಲೆವು.

ಪ್ರಾಥಮಿಕ ಶಾಲೆ ಮುಗಿದ ಮೇಲೆ ಹಾಲೆಯ ಹುಡುಗರೆಲ್ಲ ಕಾರ್ಖಾನೆಯ ಹಾದಿ ಹಿಡಿಯುವುದು ವಾಡಿಕೆ. ಹುಡುಗ ಜೋಸೆಫನಿಗೂ ಅದೇ ಗೊತ್ತಾಗಿತ್ತು. ಒಂದು ರಾತ್ರಿ, ತಮ್ಮ ತಂಗಿಯರು ಮಲಗಿದ ಬಳಿಕ, ಅವನು ಬರಿಗಾಲಿನಲ್ಲಿ ಮಹಡಿಯಿಂದ ಇಳಿದು ಅಡಿಗೆಮನೆಯಲ್ಲಿ ಒಲೆಯ ಬಳಿ ಕುಳಿತಿದ್ದ ತಂದೆತಾಯಿಯರ ಮುಂದೆ ನಿಂತು, ತಾನು ಓದು ಮುಂದುವರಿಸಬೇಕು, ಗುರುವಾಗಬೇಕು ಎಂದು ಕೇಳಿಕೊಂಡ. ಹಿರಿಯ ಮಗನ ಸಂಪಾದನೆಯನ್ನೇ ನೆಚ್ಚಿಕೊಂಡಿದ್ದ ತಂದೆ ಗಟ್ಟಿ ಮನಸ್ಸಿನವರು. ಆದರೂ ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ದುಡಿದಿದ್ದೇವೆ, ಇನ್ನಷ್ಟು ದುಡಿಯೋಣ ಎಂಬರ್ಥದ ಮಾತನ್ನು ಅವರು ಹೆಂಡತಿಗೆ ಹೇಳಿದರಂತೆ. ಮುಪ್ಪಿನಲ್ಲೂ ಕಾರ್ಡೈನರು ಈ ಪ್ರಸಂಗವನ್ನು ಸಭೆಗಳಲ್ಲಿ ಹೇಳುತ್ತಿದ್ದರು.

1897ರಲ್ಲಿ ಅವನು ಮೆಖೆಲೆನ್ ಪಟ್ಟಣದ ಕಿರಿಯ ಸೆಮಿನರಿಯನ್ನು ಸೇರಿದ. ರಜೆಗೆ ಊರಿಗೆ ಮರಳಿದಾಗ ನಡೆದುದೇ ನಾನು ಇಂದು ಹೇಳಹೊರಟ ಸಂಗತಿ. ಬೀದಿಯಲ್ಲಿ ಹಳೆಯ ಗೆಳೆಯರನ್ನು ಕಂಡು ಓಡಿಹೋದ. ಅವರು ಈಗ ಕಾರ್ಖಾನೆಯ ಆಳುಗಳು. ಒಟ್ಟಿಗೆ ಆಡಿದವರು, ಒಟ್ಟಿಗೆ ದೇವಾಲಯಕ್ಕೆ ಹೋದವರು ಇವನನ್ನು ಕಂಡು ಮುಖ ತಿರುಗಿಸಿದರು. ಏಕೆಂದು ಕೇಳಿದಾಗ ಬಂದ ಉತ್ತರದ ತಾತ್ಪರ್ಯ ಇಷ್ಟು: ನೀನು ಗುರುವಾಗಲು ಹೊರಟವನು; ಗುರುಗಳು ಧಣಿಗಳ ಕಡೆಯವರು. ಕೆಲವೇ ವರ್ಷಗಳಲ್ಲಿ ಅವರು ಪೂಜೆಯನ್ನೂ ಬಿಟ್ಟಿದ್ದರು, ಬಾಯಿಯ ಮಾತನ್ನೂ ಕೆಡಿಸಿಕೊಂಡಿದ್ದರು. ಕೆಟ್ಟವರಾಗಿ ಹುಟ್ಟಿದ ಹುಡುಗರಲ್ಲ ಅವರು. ತನ್ನೆದೆಯನ್ನು ಅದು ಕತ್ತಿಯಂತೆ ಇರಿಯಿತೆಂದೂ, ಉಳಿದ ಬಾಳೆಲ್ಲ ಆ ಒಂದು ಗಾಯದಿಂದಲೇ ಹೊರಟಿತೆಂದೂ ಅವರು ಹೇಳಿಕೊಂಡಿದ್ದಾರೆ.

1903ರಲ್ಲಿ ತಂದೆ ತೀರಿಕೊಂಡರು. ಮಗನನ್ನು ಓದಿಸಲು ದೇಹ ತೇದ ಆ ಮನುಷ್ಯನ ಮರಣಶಯ್ಯೆಯ ಬಳಿ ನಿಂತು, ತನ್ನ ಬಾಳನ್ನು ದುಡಿಯುವ ವರ್ಗಕ್ಕೇ ಮುಡಿಪಿಡುವೆನೆಂದು ಮಗ ಹರಕೆ ಹೊತ್ತ. 1906ರ ಸೆಪ್ಟೆಂಬರ್ 22ರಂದು ಗುರುದೀಕ್ಷೆಯಾಯಿತು. ಕೆಲಕಾಲ ಲುವೇನಿನಲ್ಲಿ ಓದು, ಐದು ವರ್ಷ ಶಾಲೆಯಲ್ಲಿ ಅಧ್ಯಾಪನ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗುಕಟ್ಟೆಯ ಕೂಲಿಗಾರರ ಮುಂದಾಳು ಬೆನ್ ಟಿಲೆಟ್ ಅವರನ್ನು ಕಂಡುಬಂದರು. 1912ರಲ್ಲಿ ಬ್ರಸೆಲ್ಸ್‌ನ ಲಾಕೆನ್ ಎಂಬಲ್ಲಿಗೆ ಸಹಾಯಕ ಗುರುವಾಗಿ ನೇಮಕವಾಯಿತು. ಅಲ್ಲಿ ಅವರು ಮಾಡಿದ ಮೊದಲ ಕೆಲಸ ಪ್ರಬೋಧನೆಯಲ್ಲ. ಹೊಲಿಗೆ ಕೆಲಸದ ಹುಡುಗಿಯರನ್ನು, ಕಾರ್ಖಾನೆಯ ಹುಡುಗರನ್ನು ಹತ್ತು ಹನ್ನೆರಡು ಜನರ ಸಣ್ಣ ಸಣ್ಣ ಗುಂಪುಗಳಾಗಿ ಕೂರಿಸಿ ಪ್ರಶ್ನೆ ಕೇಳಿದ್ದು. ನಿನಗೆ ದಿನಕ್ಕೆ ಎಷ್ಟು ಕೂಲಿ? ಎಷ್ಟು ತಾಸು ನಿಂತಿರುತ್ತೀಯೆ? ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಹಳಬರು ಏನು ಹೇಳಿಕೊಡುತ್ತಾರೆ? ಹೀಗೆ ಹುಟ್ಟಿದ್ದು ‘ನೋಡು, ವಿವೇಚಿಸು, ಕಾರ್ಯಗೈ’ ಎಂಬ ಮೂರು ಹೆಜ್ಜೆಗಳ ಕ್ರಮ. 1961ರಲ್ಲಿ ಇಪ್ಪತ್ತಮೂರನೆಯ ಯೊವಾನ್ನ ಜಗದ್ಗುರುಗಳು ತಮ್ಮ ‘ಮಾತೆರ್ ಎತ್ ಮಜಿಸ್ತ್ರ’ ವಿಶ್ವಪತ್ರದಲ್ಲಿ ಆ ಕ್ರಮವನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು. ನಮ್ಮ ಶಾಲೆಗಳಲ್ಲಿ ವೈ.ಸಿ.ಎಸ್. ಮಕ್ಕಳು ಬಾಯಿಪಾಠವಾಗಿ ಒಪ್ಪಿಸುವುದು ಇದನ್ನೇ. ಬಾಯಿಪಾಠವಾದುದರಿಂದಲೇ ಅದರ ಕಾವು ಆರಿದೆಯೋ ಏನೋ!

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಅವರನ್ನು ಸೆರೆಯಲ್ಲಿಟ್ಟರು. 1925ರಲ್ಲಿ ‘ಜೊಸಿಸ್ಟ್’ ಚಳವಳಿ, ಅಂದರೆ ಕ್ರೈಸ್ತ ತರುಣ ಕಾರ್ಮಿಕರ ಸಂಘ, ಅಧಿಕೃತವಾಗಿ ನೆಲೆಗೊಂಡಿತು. ಅದೇ ವರ್ಷ ಕಾರ್ಡೈನರು ರೋಮಿಗೆ ಹೋಗಿ, ಮೊದಲೇ ಗೊತ್ತುಪಡಿಸಿಕೊಳ್ಳದೆ, ಹನ್ನೊಂದನೆಯ ಪಯಸ್ ಜಗದ್ಗುರುಗಳ ಎದುರು ನಿಂತು ತಮ್ಮ ಅಹವಾಲನ್ನು ಹೇಳಿದರು. ಧರ್ಮಸಭೆ ಕಾರ್ಮಿಕ ವರ್ಗವನ್ನು ಕಳೆದುಕೊಂಡುದೇ ಹತ್ತೊಂಬತ್ತನೆಯ ಶತಮಾನದ ದೊಡ್ಡ ಕಳಂಕವೆಂದು ಜಗದ್ಗುರುಗಳು ತಮಗೆ ಹೇಳಿದರೆಂದು ಅವರು ಮುಂದೆ ನೆನೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಸೆರೆಮನೆ. ಚಳವಳಿಯ ಮೊದಲ ತರುಣರಲ್ಲಿ ಫೆರ್ನಾಂದ್ ತೊನ್ನೆ, ಪಾಲ್ ಗಾರ್ಸೆ ಎಂಬ ಇಬ್ಬರು 1945ರಲ್ಲಿ ದಾಖೌ ಶಿಬಿರದಲ್ಲಿ ಮಡಿದರು. 1957ರಲ್ಲಿ ಲೋಕದ ನಾನಾ ದೇಶಗಳಿಂದ ಸುಮಾರು 30 ಸಾವಿರ ತರುಣ ಕಾರ್ಮಿಕರು ರೋಮಿನ ಸಂತ ಪೇತ್ರರ ಚೌಕದಲ್ಲಿ ನೆರೆದರು. 1965ರಲ್ಲಿ ಕಾರ್ಡಿನಲ್ ಪದವಿ. 1967ರ ಜುಲೈ 24ರಂದು ನಿಧನ. ಲಾಕೆನ್ನಿನ ಅದೇ ದೇವಾಲಯದಲ್ಲಿ ಸಮಾಧಿ.

ಇಷ್ಟನ್ನು ಪುಸ್ತಕಗಳಲ್ಲಿ ಓದಬಹುದು. ನನಗೆ ಬಹುಕಾಲದಿಂದ ಕಾಡುತ್ತಿರುವ ಸಂಗತಿ ಬೇರೊಂದು. ಮುಖ ತಿರುಗಿಸಿದ ಆ ಹಾಲೆಯ ಹುಡುಗರು ಯಾರು? ಅವರ ಹೆಸರೇನು? ಮುಂದೆ ಅವರೇನಾದರು? ಕಾರ್ಡೈನರನ್ನು ಕುರಿತು ನಾನು ಓದಿದ ಯಾವ ಪುಸ್ತಕದಲ್ಲೂ ಅವರ ಒಂದು ಹೆಸರೂ ಇಲ್ಲ. ಒಬ್ಬ ಮಹಾಪುರುಷನ ಹೃದಯವನ್ನು ಇರಿಯುವುದಕ್ಕಾಗಿ ಕಥೆಯೊಳಗೆ ಬಂದು, ಇರಿದು, ಅವರು ಹೊರಟುಹೋಗುತ್ತಾರೆ. ಕಾರ್ಡೈನರು ಸಾವಿರಾರು ತರುಣರನ್ನು ಗೆದ್ದರು, ಒಪ್ಪುತ್ತೇನೆ. ಆ ನಾಲ್ಕಾರು ಮಂದಿ ಮರಳಿ ಅವರೊಡನೆ ಮಾತಾಡಿದರೆ? ಅವರೊಂದಿಗೆ ಕುಳಿತು ಒಂದು ಲೋಟ ಬಿಯರನ್ನಾದರೂ ಕುಡಿದರೆ? ಬೆಲ್ಜಿಯಂ ಜನಕ್ಕೆ ಅದೇನು ತಪ್ಪಲ್ಲವಾದ್ದರಿಂದ ಹೇಳಿದೆ.

ಈಗ ಹತ್ತಿರದ ಮಾತು. ಇದನ್ನು ಹೇಳಲು ಸಂಬಂಧಪಟ್ಟವನ ಅಪ್ಪಣೆ ಪಡೆದಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾನೆ.

ಮಂಗಳೂರಿನ ಹಂಚಿನ ಕಥೆ ತಮಗೆ ಗೊತ್ತಿರುವುದೇ. ಬಾಸೆಲ್ ಮಿಶನಿನ ನಮ್ಮ ಪ್ರೊಟೆಸ್ಟೆಂಟ್ ಸೋದರರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಿಂದ ಅನತಿ ದೂರದಲ್ಲಿ, ಮೊದಲ ಕಾರ್ಖಾನೆಯನ್ನು ತೆರೆದರು. ಅದನ್ನು ನೋಡಿ ನದಿಯ ಉದ್ದಕ್ಕೂ ಒಂದೊಂದಾಗಿ ಕಾರ್ಖಾನೆಗಳು ಎದ್ದವು. ಈ ನಮ್ಮ ದೇವಾಲಯದ ಮಾಡಿಗೆ ನೂರು ವರ್ಷಗಳ ಹಿಂದೆ ಹೊದೆಸಿದುದೂ ಮಂಗಳೂರಿನ ಹಂಚನ್ನೇ. ನಾನು ಹುಟ್ಟಿದ್ದು ಅಂಥ ಒಂದು ಕಾರ್ಖಾನೆಯ ಹಿಂಬದಿಯ ಸಾಲುಮನೆಗಳಲ್ಲಿ. ಯಾವ ಕಾರ್ಖಾನೆಯೆಂಬುದು ಇಲ್ಲಿ ಅಗತ್ಯವಿಲ್ಲ. ಬೆಳಗಿನ ಸೈರನ್ ಕೂಗಿಗೆ ಎದ್ದು, ಸಂಜೆಯ ಕೂಗಿಗೆ ತಂದೆಯ ದಾರಿ ಕಾಯುವುದು ನಮ್ಮ ದಿನಚರಿ. ದೋಣಿಗಳಲ್ಲಿ ಜೇಡಿಮಣ್ಣು ಬಂದು ಬೀಳುತ್ತಿತ್ತು. ಹೆಂಗಸರು ಹಸಿಹಂಚನ್ನು ತಲೆಯ ಮೇಲೆ ಹೊತ್ತು ಒಣಗುವ ಅಟ್ಟಣೆಗೆ ಸಾಗಿಸುತ್ತಿದ್ದರು. ಬೆಂದ ಹಂಚನ್ನು ಹೊರತೆಗೆಯಲು ಭಟ್ಟಿಯೊಳಗೆ ಹೊಗುವ ಗಂಡಸರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ನನ್ನ ತಂದೆ ಅವರಲ್ಲೊಬ್ಬರು. ನನ್ನ ಗೆಳೆಯನ ತಂದೆ ಇನ್ನೊಬ್ಬರು.

ನಾವಿಬ್ಬರೂ ಒಂದೇ ಬೆಂಚು. ಲೆಕ್ಕದಲ್ಲಿ ಅವನು ನನಗಿಂತ ಮುಂದು. ನಾನು ಅವನ ಸ್ಲೇಟು ನೋಡಿ ಬರೆದವನು. ಮಧ್ಯಾಹ್ನದ ಗಂಜಿಗೆ ಅವನ ಮನೆಯ ಒಣಮೀನು, ನಮ್ಮ ಮನೆಯ ಉಪ್ಪಿನಕಾಯಿ. ಇಬ್ಬರೂ ಪೀಠಬಾಲಕರು. ಲತೀನಿನ ಪೂಜೆ ನಿಂತು ಜನರ ಭಾಷೆಯ ಪೂಜೆ ಬಂದ ಹೊಸತು ಅದು. ಗಂಟೆ ಬಾರಿಸುವ ಸರದಿಗಾಗಿ ನಾವು ಜಗಳವಾಡಿ, ವಿಗಾರರ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದೂ ಉಂಟು. ಗುರುಗಳಾಗಬೇಕೆಂದು ಇಬ್ಬರೂ ಒಂದೇ ದಿನ ಅವರಿಗೆ ಹೇಳಿದೆವು. ಏಳನೆಯ ತರಗತಿ ಮುಗಿದ ವರ್ಷ ಅವನ ತಂದೆಗೆ ಎದೆಯ ಕಾಯಿಲೆ ಹಿಡಿಯಿತು. ಐದು ಮಕ್ಕಳಲ್ಲಿ ಅವನೇ ಹಿರಿಯ. ಹದಿನಾಲ್ಕು ತುಂಬುತ್ತಲೇ ತಂದೆಯ ಬದಲಿಗೆ ಅವನು ಕಾರ್ಖಾನೆಯ ಗೇಟು ಹೊಕ್ಕ. ನನ್ನ ತಂದೆಯೂ ಮರುವರ್ಷವೇ ಹಾಸಿಗೆ ಹಿಡಿದರು. ಆದರೆ ನಮ್ಮ ಮನೆಯಲ್ಲಿ ನನಗೆ ಅಕ್ಕ ಇದ್ದಳು. ಅವಳು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮನೆ ನಡೆಸಿದಳು. ನಾನು ಸೆಮಿನರಿಗೆ ಹೋದೆ. ಅವನಿಗೆ ಅಕ್ಕ ಇರಲಿಲ್ಲ. ನಮ್ಮಿಬ್ಬರ ಬಾಳು ಕವಲೊಡೆದುದಕ್ಕೆ ಇಷ್ಟೇ ಕಾರಣ. ದೇವಕರೆಯನ್ನು ಕುರಿತು ನಾನು ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ಕರೆ ಇಬ್ಬರಿಗೂ ಬಂದಿತ್ತೋ, ಒಬ್ಬನಿಗೆ ಮಾತ್ರ ಬಂದಿತ್ತೋ, ಅಥವಾ ಓಗೊಡುವ ಅನುಕೂಲ ಒಬ್ಬನಿಗೆ ಮಾತ್ರ ಇತ್ತೋ ಎಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಅಕ್ಕನಿಗೆ ಏನು ಕರೆ ಬಂದಿತ್ತೆಂದು ಕೇಳಿದವರಂತೂ ಯಾರೂ ಇಲ್ಲ. ಕೇಳದವರಲ್ಲಿ ನಾನೂ ಒಬ್ಬ.

ಮೊದಲ ರಜೆಗಳಲ್ಲಿ ಎಲ್ಲವೂ ಮುಂಚಿನಂತೆಯೇ ಇತ್ತು. ನಿಲುವಂಗಿ ತೊಟ್ಟು ಬಂದ ವರ್ಷ ಒಂದು ಮಾತು ಬದಲಾಯಿತು. ಅಲ್ಲಿಯವರೆಗೆ ನಮ್ಮ ಮನೆಮಾತಾದ ಕೊಂಕಣಿಯಲ್ಲಿ ನಾವು ‘ತುಂ’, ‘ತುಂ’ ಎಂದೇ ಕರೆದುಕೊಂಡವರು. ಆ ದಿನ ಬೀದಿಯಲ್ಲಿ ಸಿಕ್ಕವನು, “ಬ್ರದರ್, ತುಮಿ ಯಾವಾಗ ಬಂದದ್ದು?” ಎಂದ. ‘ನೀನು’ ಹೋಗಿ ‘ನೀವು’ ಆಯಿತು. ನಾನು ಅದನ್ನು ತಿದ್ದಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೆ ಹಿತವೇ ಆಯಿತು. ಹಾಲೆಯ ಹುಡುಗರು ಮುಖ ತಿರುಗಿಸಿದರು. ನಮ್ಮಲ್ಲಿ ಹಾಗೆ ಮಾಡುವುದಿಲ್ಲ, ಮರ್ಯಾದೆ ಕೊಟ್ಟುಬಿಡುತ್ತೇವೆ. ಎರಡರಲ್ಲಿ ಯಾವುದು ಹೆಚ್ಚು ದೂರವೆಂದು ತಾವೇ ಯೋಚಿಸಿ.

ನನಗೆ ಗುರುದೀಕ್ಷೆಯಾಗಲು ಒಂದು ವರ್ಷ ಉಳಿದಿತ್ತು. 1980ರ ದಶಕ. ಕಾರ್ಖಾನೆಯಲ್ಲಿ ಬೋನಸಿನ ವಿಷಯಕ್ಕೆ ತಕರಾರು ಎದ್ದು, ಗೇಟಿಗೆ ಬೀಗ ಬಿದ್ದು, ಜನ ತಿಂಗಳುಗಟ್ಟಲೆ ಹೊರಗೆ ಕುಳಿತಿದ್ದರು. ಕೆಂಪು ಬಾವುಟ ಕಟ್ಟಿದ ಚಪ್ಪರ. ಅದರ ಕೆಳಗೆ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ. ನನ್ನ ಗೆಳೆಯ ಯೂನಿಯನಿನಲ್ಲಿ ಮುಂದಾಳು. ಒಂದು ರಾತ್ರಿ ಅವನು ನಮ್ಮ ಮನೆಗೆ ಬಂದ. ಭಾಷಣ ಬೇಡ, ಹೇಳಿಕೆ ಬೇಡ, ನಿಲುವಂಗಿ ತೊಟ್ಟು ಬಂದು ಒಂದು ತಾಸು ನಮ್ಮೊಂದಿಗೆ ಚಪ್ಪರದಲ್ಲಿ ಕುಳಿತಿದ್ದರೆ ಸಾಕು, ಎಂದ. “ಮೇಲಿನವರನ್ನು ಕೇಳಿ ನೋಡುತ್ತೇನೆ” ಎಂದೆ. ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲವೇನೋ! ದೀಕ್ಷೆಗೆ ಅಡ್ಡಿಯಾದೀತೆಂಬ ಭಯ ನನ್ನದೇ. ಇನ್ನಾರ ತಲೆಗೂ ಅದನ್ನು ಕಟ್ಟಲಾರೆ. ರಜೆ ಇನ್ನೂ ಎರಡು ದಿನ ಇರುವಂತೆಯೇ ಪೆಟ್ಟಿಗೆ ಕಟ್ಟಿಕೊಂಡು ಸೆಮಿನರಿಗೆ ಹೊರಟೆ. ‘ರೇರುಮ್ ನೊವಾರುಮ್’ ಕುರಿತು ಆ ವರ್ಷ ನಾನು ಬರೆದ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು.

ಗುರುದೀಕ್ಷೆಯ ದಿನ ಇಡೀ ಸಾಲುಮನೆಗಳ ಜನ ಬಂದಿದ್ದರು. ಅವನು ಬರಲಿಲ್ಲ. ಅವನ ತಾಯಿ ಒಂದು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ನನ್ನ ಅಂಗೈಗೆ ಮುತ್ತಿಟ್ಟು, ಮಗನಿಗೆ ಮೈ ಸರಿಯಿಲ್ಲವೆಂದು ಸುಳ್ಳು ಹೇಳಿಹೋದರು.

ಆಮೇಲೆ ಬಹಳ ವರ್ಷಗಳು. ಕಾಂಕ್ರೀಟಿನ ತಾರಸಿ ಬಂದು ಹಂಚಿನ ಬೇಡಿಕೆ ಇಳಿಯಿತು. ಮಣ್ಣು ದುರ್ಲಭ, ಸೌದೆ ದುಬಾರಿ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನಮ್ಮೂರಿನದೂ ಮುಚ್ಚಿತು. ನಾನು ಊರಿಂದೂರಿಗೆ ವರ್ಗವಾಗುತ್ತ, ಶಾಲೆ ಕಟ್ಟಿಸುತ್ತ, ಗಂಟೆಗೋಪುರ ಎತ್ತಿಸುತ್ತ ಇದ್ದೆ. ಒಂದು ಮಳೆಗಾಲದ ಸಂಜೆ ಮಂಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹತ್ತಿದೆ. ಧರ್ಮಾಧ್ಯಕ್ಷರ ನಿವಾಸ ಎಂದೆ. ಚಾಲಕ ಮಾತಾಡಲಿಲ್ಲ. ಇಳಿದು ಹಣ ಕೊಡುವಾಗ ಮುಖ ನೋಡಿದೆ, ಅವನೇ. ಹತ್ತಿದಾಗಲೇ ಅವನಿಗೆ ಗುರುತು ಸಿಕ್ಕಿತ್ತು. ಬಾಡಿಗೆ ಬೇಡವೆನ್ನುವನೆಂದು ನಾನು ಎಣಿಸಿದ್ದೆ. ಅವನು ಮೀಟರು ನೋಡಿ, ಹಣ ತೆಗೆದುಕೊಂಡು, ಚಿಲ್ಲರೆಯನ್ನು ಎಣಿಸಿ ನನ್ನ ಕೈಯಲ್ಲಿಟ್ಟು, “ಸರಿ ಉಂಟಾ ನೋಡಿ, ಫಾದರ್” ಎಂದು ಹೊರಟುಹೋದ.

ಆ ಚಿಲ್ಲರೆ ನನ್ನನ್ನು ಬಹಳ ದಿನ ನಿದ್ದೆಗೆಡಿಸಿತು. ಮನೆ ಹುಡುಕಿಕೊಂಡು ಹೋದೆ. ಮೊದಲ ಸಲ ಅವನ ಹೆಂಡತಿ ಚಹಾ ಕೊಟ್ಟರು. ಅವನು ಹಂಚಿನ ದರದ ವಿಷಯ ಮಾತಾಡಿದ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಾನೇ ಬಾಯಿಬಿಟ್ಟೆ. ಪಾಪನಿವೇದನೆಯ ಪೀಠದಲ್ಲಿ ಎಷ್ಟೋ ಜನರನ್ನು ಕೂತು ಆಲಿಸಿದವನಿಗೆ ಆ ಮೂರು ವಾಕ್ಯ ಹೇಳಲು ಬೆವರಿಳಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನೀನು ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. ಬರುವುದಿಲ್ಲವೆಂದು ಹೇಳಿದ್ದರೆ ಅಂದೇ ಮರೆಯುತ್ತಿದ್ದೆ. ಕೇಳಿ ನೋಡುತ್ತೇನೆ ಎಂದೆಯಲ್ಲ, ನಾನು ಅದನ್ನು ಚಪ್ಪರದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಮೂರು ದಿನ ನನ್ನ ಜನ ದಾರಿ ನೋಡಿದರು.”

ಮೂರು ದಿನ ದಾರಿ ನೋಡಿದ ಸಂಗತಿ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ‘ನೀನು’ ಎಂದದ್ದನ್ನು ಗಮನಿಸಿದೆ. ಅಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬಂದಳು. ಅವಳೆದುರಿಗೆ ಮಾತು ಮತ್ತೆ ‘ನೀವು’ ಆಯಿತು. ಈಗಲೂ ಹೋಗುತ್ತಿರುತ್ತೇನೆ. ಅವನು ಪೂಜೆಗೆ ಬರುವುದು ವರ್ಷಕ್ಕೆ ಎರಡು ಸಲ, ಅದೂ ಮೊಗಸಾಲೆಯಲ್ಲಿ ಕಂಬಕ್ಕೊರಗಿ ನಿಲ್ಲುವುದು. ಒಳಗೆ ಬಾ ಎಂದು ನಾನು ಕರೆದಿಲ್ಲ. ಕರೆಯುವ ಹಕ್ಕು ನನಗೆ ಬಂದಿದೆಯೆಂದು ಅನ್ನಿಸಿದ ದಿನ ಕರೆದೇನು.

ಪ್ರಿಯರೇ, ಈ ಸ್ಮರಣ ಸಂಚಿಕೆಯ ಕರಡು ಅಚ್ಚು ನನ್ನ ಮೇಜಿನ ಮೇಲಿದೆ. ಈ ಧರ್ಮಕೇಂದ್ರದಿಂದ ಹೊರಟ ಗುರುಗಳ, ಕನ್ಯಾಸ್ತ್ರೀಯರ ಭಾವಚಿತ್ರಗಳು ಅದರಲ್ಲಿವೆ, ಅದು ಉಚಿತವೇ. ದಾನಿಗಳ ಪಟ್ಟಿ ಇದೆ. ಅದೂ ಇರಬೇಕು, ಇಲ್ಲವಾದರೆ ಖಜಾಂಚಿಗಳು ನನ್ನನ್ನು ಬಿಡಲಾರರು. ಆದರೆ ಆ ಗುರುಗಳ, ಕನ್ಯಾಸ್ತ್ರೀಯರ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದವರು ಯಾರು? ಜ್ಞಾನಸ್ನಾನದ ಹಳೆಯ ದಫ್ತರುಗಳನ್ನು ನಾನು ಈ ಬೇಸಿಗೆಯಲ್ಲಿ ಸಂಜೆ ಸಂಜೆ ತಿರುವಿಹಾಕಿದೆ. ಒಂದೇ ತಿಂಗಳು ಜ್ಞಾನಸ್ನಾನ ಪಡೆದ ಮೂವರಲ್ಲಿ ಒಬ್ಬರು ಗುರುಗಳಾಗಿದ್ದಾರೆ, ಚಿತ್ರವಿದೆ. ಒಬ್ಬರು ಮುಂಬಯಿಯ ಹೋಟೆಲಿಗೆ ಹೋದವರು ಪತ್ರ ಬರೆಯುವುದನ್ನು ನಿಲ್ಲಿಸಿದರಂತೆ. ಮೂರನೆಯವರು ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು, ಈ ಸಭೆಯಲ್ಲಿಯೇ ಕುಳಿತಿದ್ದಾರೆ, ಯಾರೆಂದು ಹೇಳಿದರೆ ಅವರು ಎದ್ದುಹೋದಾರು. ಸಂಚಿಕೆಯ ಸಂಪಾದಕ ಮಂಡಳಿಗೆ ನಾನು ಎರಡು ಪುಟ ಹೆಚ್ಚಿಗೆ ಕೇಳಿದ್ದೇನೆ. ಅಲ್ಲಿ ಚಿತ್ರ ಬೇಕಿಲ್ಲ, ಹೆಸರು ಸಾಕು. ಹಾಲೆಯ ಹುಡುಗರಿಗೆ ಆದಂತೆ ನಮ್ಮವರಿಗೆ ಆಗಕೂಡದು. ಕಾಗದದ ಖರ್ಚಿನ ಮಾತೆತ್ತಿದ್ದಾರೆ, ನೋಡೋಣ.

ಇನ್ನೊಂದು ಸಂಗತಿ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಏಕೆ ತಾಳಿದರೆಂಬುದನ್ನು ತಾವೇ ತಿಳಿಸಿದ್ದಾರೆ: ‘ರೇರುಮ್ ನೊವಾರುಮ್’ ಬರೆದ ಹದಿಮೂರನೆಯ ಲಿಯೋ ಅವರ ನೆನಪಿಗಾಗಿ, ಯಂತ್ರಗಳು ಮನುಷ್ಯನ ಬುದ್ಧಿಯ ಕೆಲಸವನ್ನೂ ಮಾಡತೊಡಗಿರುವ ಈ ಕಾಲದಲ್ಲಿ ದುಡಿಯುವವರ ಗತಿಯನ್ನು ಚಿಂತಿಸುವುದಕ್ಕಾಗಿ. ಅದು ದೊಡ್ಡವರ ಮಾತು, ಅವರು ನೋಡಿಕೊಳ್ಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಭಾನುವಾರದ ಎರಡನೆಯ ಪೂಜೆಯಲ್ಲಿ ಕಟ್ಟಕಡೆಯ ಬಾಗಿಲ ಬಳಿ ನಿಲ್ಲುವ ಏಳೆಂಟು ತರುಣರು. ಕಟ್ಟಡದ ಕೆಲಸಕ್ಕೆ ಜಾರ್ಖಂಡದಿಂದ ಬಂದವರು. ನಮ್ಮ ಭಾಷೆ ಅವರಿಗೆ ತಿಳಿಯದು. ಪ್ರಬೋಧನೆಯ ಹೊತ್ತಿನಲ್ಲಿ ನೆಲ ನೋಡುತ್ತಿರುತ್ತಾರೆ, ಪರಮ ಪ್ರಸಾದಕ್ಕೆ ಮಾತ್ರ ತಪ್ಪದೆ ಮುಂದೆ ಬರುತ್ತಾರೆ. ಅವರ ಛೋಟಾನಾಗಪುರದ ನಾಡಿನಲ್ಲಿ 1885ರಿಂದ ಶುಭಸಂದೇಶ ಸಾರಿ, ಭೂಮಿ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದ ಗುರು ಕಾನ್‌ಸ್ಟೆಂಟ್ ಲೀವೆನ್ಸ್ ಸಹ ಬೆಲ್ಜಿಯಂ ದೇಶದವರೇ. ಆ ತರುಣರು ಈ ಪಟ್ಟಣದಲ್ಲಿ ಯಾರ ಮನೆಯಲ್ಲಾದರೂ ಒಂದು ಲೋಟ ಚಹಾ ಕುಡಿದಿದ್ದಾರೆಯೇ ಎಂದು ವಿಚಾರಿಸಿದೆ. ಇಲ್ಲವಂತೆ. ಅವರು ತಂಗಿರುವುದು ಬಸ್ ನಿಲ್ದಾಣದ ಹಿಂದೆ ಏಳುತ್ತಿರುವ 11 ಮಹಡಿಯ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ.

ಬರುವ ಭಾನುವಾರ ಎರಡನೆಯ ಪೂಜೆ ಮುಗಿದ ಬಳಿಕ ನಾನು ಅಲ್ಲಿಗೆ ಹೋಗುವವನಿದ್ದೇನೆ. ಹಿಂದಿ ಬಲ್ಲ ನಾಲ್ವರು ನನ್ನೊಡನೆ ಬೇಕು. ನನ್ನ ಹಿಂದಿ ಕೇಳಿದರೆ ಅವರು ಹೆದರಿಯಾರು. ಉಪದೇಶಕ್ಕಲ್ಲ, ಸುಮ್ಮನೆ ಕುಳಿತು ಬರುವುದಕ್ಕೆ. ಬರಲು ಆಗುವವರು ಇಂದು ಊಟಕ್ಕೆ ಮುಂಚೆ ದೇವಾಲಯದ ಕಚೇರಿಯಲ್ಲಿ ಹೆಸರು ಕೊಡಿ. ಆಗದವರು ಆಗುವುದಿಲ್ಲವೆಂದೇ ಹೇಳಿ, ನೋಡುತ್ತೇನೆ ಎನ್ನಬೇಡಿ.